ಒಂದೇ ರನ್‌ವೇ, ಎರಡು ಕೆಲಸ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಸಿಗುವ ನಮ್ಮ ಮಧುವನಹಳ್ಳಿಗೆ ಹತ್ತಿರದ ವಿಮಾನ ನಿಲ್ದಾಣ ಮೈಸೂರಿನ ಮಂಡಕಳ್ಳಿ. ಅಲ್ಲಿನ ರನ್‌ವೇ 1,740 ಮೀಟರ್ ಮಾತ್ರ. ದೊಡ್ಡ ವಿಮಾನಗಳಿಗೆ ಅದು ಸಾಲದು. ಹೀಗಾಗಿ ದುಬೈಗೋ ಸಿಂಗಪುರಕ್ಕೋ ಹೊರಟ ಮಕ್ಕಳನ್ನು ಕಳಿಸಿಬರಲು ಈ ಕಡೆಯ ಮನೆಮಂದಿ ಮಳವಳ್ಳಿ, ಕನಕಪುರ ಹಾದು, ಇಡೀ ಬೆಂಗಳೂರನ್ನು ದಾಟಿ ದೇವನಹಳ್ಳಿಯ ನಿಲ್ದಾಣ ಮುಟ್ಟಬೇಕು. 2008ರ ಮೇ ತಿಂಗಳವರೆಗೆ ಈ ಪ್ರಯಾಣ ನಗರದೊಳಗೇ, ಎಚ್‌ಎಎಲ್ ನಿಲ್ದಾಣದಲ್ಲಿ ಮುಗಿಯುತ್ತಿತ್ತು.

ಎಚ್‌ಎಎಲ್‌ನ ರನ್‌ವೇ ಪ್ರಯಾಣಿಕರಿಗೆಂದು ಹುಟ್ಟಿದ್ದಲ್ಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು, ಅಂದರೆ ಇಂದಿನ ಎಚ್‌ಎಎಲ್ ಅನ್ನು, ಶುರುಮಾಡಿದರು. ಸಂಸ್ಥಾನ ಜಾಗವನ್ನೂ ಕೊಟ್ಟಿತು, ಬಂಡವಾಳವನ್ನೂ ಹಾಕಿತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕದ ಸೇನೆಯ ವಿಮಾನಗಳು ಇಲ್ಲಿಗೆ ದುರಸ್ತಿಗೆ ಬರುತ್ತಿದ್ದವು. 1951ರಲ್ಲಿ ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ, 1961ರ ಜೂನ್‌ನಲ್ಲಿ ಮಾರುತ್ ಯುದ್ಧವಿಮಾನ, 2001ರ ಜನವರಿ 4ರಂದು ಮುಂದೆ ತೇಜಸ್ ಎಂದು ಹೆಸರಾದ ವಿಮಾನ, ಎಲ್ಲವೂ ಮೊದಲ ಸಲ ನೆಲ ಬಿಟ್ಟೇಳುವುದನ್ನು ಕಂಡದ್ದು ಬೆಂಗಳೂರು. ಅದೇ ರನ್‌ವೇ ಮೇಲೆ ಮುಂಬೈ, ದೆಹಲಿಯ ಪ್ರಯಾಣಿಕರೂ ಇಳಿದರು. ಕಡೆಕಡೆಗೆ ಫ್ರಾಂಕ್‌ಫರ್ಟ್, ಲಂಡನ್ ವಿಮಾನಗಳೂ ಬಂದವು. ಸುಮಾರು 3,300 ಮೀಟರ್ ಉದ್ದದ ಒಂದೇ ಪಟ್ಟಿಯನ್ನು ದೇಶದ ರಕ್ಷಣೆಯೂ ಜನರ ಓಡಾಟವೂ ಹಂಚಿಕೊಂಡವು. ಪರೀಕ್ಷಾ ಹಾರಾಟವಿದ್ದಾಗ ಪ್ರಯಾಣಿಕ ವಿಮಾನ ಕಾಯಬೇಕಿತ್ತು, ದಟ್ಟಣೆಯ ಹೊತ್ತಿನಲ್ಲಿ ಪರೀಕ್ಷಾ ವಿಮಾನ ಕಾಯಬೇಕಿತ್ತು. ನಮ್ಮ ಕಾಲುವೆ ನೀರಿನ ಸರದಿಯೂ ಹೀಗೆಯೇ ನಡೆಯುವುದು.

ಹಂಚಿಕೊಳ್ಳುವುದು ಸಲೀಸಾಗಿತ್ತು ಎನ್ನಲಾರೆ. ಕಡೆಯ ವರ್ಷ ಆ ಚಿಕ್ಕ ಟರ್ಮಿನಲ್‌ನಲ್ಲಿ ಓಡಾಡಿದವರು ಒಂದು ಕೋಟಿಯ ಆಸುಪಾಸು. ಅಷ್ಟು ಜನರನ್ನು ಅದು ತಾಳುತ್ತಿರಲಿಲ್ಲ. ಊರು ಸುತ್ತಲೂ ಬೆಳೆದು ರನ್‌ವೇಯ ಅಂಚಿಗೇ ಬಂದಿತ್ತು. 1990ರ ಫೆಬ್ರುವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಇಳಿಯುವ ಮುನ್ನವೇ ಗಾಲ್ಫ್ ಮೈದಾನಕ್ಕೆ ಬಿದ್ದು 92 ಜನ ಸತ್ತರು. 2019ರ ಫೆಬ್ರುವರಿ 1ರಂದು ಮಿರಾಜ್ ಯುದ್ಧವಿಮಾನ ಇಲ್ಲೇ ಪರೀಕ್ಷಾ ಹಾರಾಟದ ವೇಳೆ ಉರುಳಿ ಇಬ್ಬರು ಯುವ ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ವಿಮಾನಗಳನ್ನು ಪರೀಕ್ಷಿಸುವ ನೆಲದ ಅಪಾಯವನ್ನು ಯಾರೂ ಹಗುರವಾಗಿ ಎಣಿಸಬಾರದು. ದೊಡ್ಡ ನಿಲ್ದಾಣವೊಂದು ಬೇಕೇ ಇತ್ತು, ದೇವನಹಳ್ಳಿ ಬಂದದ್ದು ಸರಿಯೇ.

ನನಗೆ ಒಪ್ಪಿಗೆಯಿಲ್ಲದ್ದು ಹಳೆಯದರ ಬಾಗಿಲು ಹಾಕಿದ ರೀತಿ. ಹೊಸ ನಿಲ್ದಾಣದ ಒಪ್ಪಂದದಂತೆ ಎಚ್‌ಎಎಲ್‌ನಿಂದ ಪ್ರಯಾಣಿಕ ವಿಮಾನಗಳ ಹಾರಾಟ ನಿಲ್ಲಬೇಕಿತ್ತು. 25 ವರ್ಷಗಳವರೆಗೆ 150 ಕಿಲೋಮೀಟರ್ ಒಳಗೆ ಮತ್ತೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಕೂಡದು, ಮೈಸೂರು ಮತ್ತು ಹಾಸನಕ್ಕಷ್ಟೇ ವಿನಾಯಿತಿ. ಸೀತಾರಾಂ ಯೆಚೂರಿ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿ, ಬೆಂಗಳೂರಿನ ಎಚ್‌ಎಎಲ್ ಮತ್ತು ಹೈದರಾಬಾದಿನ ಬೇಗಂಪೇಟೆ ನಿಲ್ದಾಣ ಎರಡನ್ನೂ ಉಳಿಸಿಕೊಳ್ಳಿ ಎಂದಿತು. ನಿಲ್ದಾಣದ ನೌಕರರು ಮುಷ್ಕರ ಹೂಡಿದರು. ಫಲ ಸಿಗಲಿಲ್ಲ. ಇವತ್ತೂ ಆ ರನ್‌ವೇ ಕೆಲಸ ಮಾಡುತ್ತಿದೆ. ಗಣ್ಯರ ವಿಮಾನಗಳೂ ಸಿರಿವಂತರ ಖಾಸಗಿ ಜೆಟ್‌ಗಳೂ ಇಳಿಯುತ್ತವೆ. ಟಿಕೆಟ್ ಕೊಂಡು ಬರುವವರಿಗೆ ಮಾತ್ರ ಜಾಗವಿಲ್ಲ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ. ಸಂಸ್ಥಾನದ ಕಾಲದಿಂದ ಜನರ ಹಣದಲ್ಲಿ ಬೆಳೆದ ನೆಲವದು.

ಬೇರೆ ದಾರಿ ಇರಲಿಲ್ಲವೆ? ಗೋವಾದ ದಾಬೋಲಿಂ ನೋಡಿ. ಪೋರ್ಚುಗೀಸರು ಕಟ್ಟಿದ ಆ ನಿಲ್ದಾಣ 1961ರ ವಿಮೋಚನೆಯ ನಂತರ ನೌಕಾಪಡೆಯ ಕೈಗೆ ಬಂತು. ಈಗಲೂ ಅದು ಐಎನ್‌ಎಸ್ ಹಂಸ ನೆಲೆ. ವಾರದ ದಿನಗಳಲ್ಲಿ ಬೆಳಗಿನ ಕೆಲವು ಗಂಟೆಗಳು ನೌಕಾಪಡೆಯ ತರಬೇತಿಗೆ, ಮಿಕ್ಕ ಹೊತ್ತು ಪ್ರಯಾಣಿಕರಿಗೆ. ಮೋಪಾದಲ್ಲಿ 2023ರ ಜನವರಿಯಿಂದ ಹೊಸ ನಿಲ್ದಾಣದ ಹಾರಾಟ ಶುರುವಾದರೂ ದಾಬೋಲಿಂಗೆ ಬೀಗ ಬೀಳಲಿಲ್ಲ. ನಮ್ಮಲ್ಲೇ ಬೀದರಿನ ವಾಯುನೆಲೆಯ ರನ್‌ವೇಯನ್ನು 2020ರ ಫೆಬ್ರುವರಿಯಿಂದ ಪ್ರಯಾಣಿಕ ವಿಮಾನಗಳೂ ಬಳಸತೊಡಗಿದವು. ಸೇವೆ ಆಗಾಗ ನಿಂತಿದ್ದುಂಟು, ನಿಂತು ಮತ್ತೆ ಶುರುವಾದದ್ದೂ ಉಂಟು. ವಾಯುಪಡೆಯ ತರಬೇತಿ ಶಾಲೆಯಿರುವ ಬೆಳಗಾವಿಯ ಸಾಂಬ್ರಾದಿಂದಲೂ ಪ್ರಯಾಣಿಕ ವಿಮಾನಗಳು ಹಾರುತ್ತವೆ. ಇಂಥ ಕಡೆ ಫೋಟೊ ತೆಗೆಯಬೇಡಿ ಎನ್ನುತ್ತಾರೆ, ಹೊತ್ತಿನ ಕಟ್ಟುಪಾಡು ಇರುತ್ತದೆ. ಅದನ್ನು ಪಾಲಿಸುವುದು ಜನರಿಗೆ ಭಾರವಲ್ಲ.

ನಾನು ಇಷ್ಟು ಪಟ್ಟುಹಿಡಿಯುವುದು ಭೂಮಿಯ ಕಾರಣಕ್ಕೆ. ದೇವನಹಳ್ಳಿ ನಿಲ್ದಾಣ ಹರಡಿಕೊಂಡಿರುವುದು ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ. ಅದರ ನೆರಳಲ್ಲೇ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವೈಮಾನಿಕ ಉದ್ಯಮಕ್ಕೆಂದು ಕೇಳಿದರು. ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟೆವೆಂದು ಸಾರಿದರು. ಅರಿಶಿನ, ಕಬ್ಬು, ಹಿಪ್ಪುನೇರಳೆ ಬೆಳೆಯುವ ನಮ್ಮ ಕಡೆಯ ಒಕ್ಕಲಿಗೆ ಆ ಧರಣಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪರಿಹಾರದ ದುಡ್ಡು ಒಂದು ತಲೆಮಾರಿಗೆ ಬಂದರೆ ಹೆಚ್ಚು. ಹೊಲ ಮೊಮ್ಮಕ್ಕಳಿಗೂ ಅನ್ನ ಹಾಕುತ್ತದೆ.

ಈಗ ಬೆಂಗಳೂರಿಗೆ ಎರಡನೆಯ ನಿಲ್ದಾಣದ ಮಾತು ಎದ್ದಿದೆ. 150 ಕಿಲೋಮೀಟರ್ ಷರತ್ತಿನ ಅವಧಿ 2033ಕ್ಕೆ ಮುಗಿಯುತ್ತದೆ. ಗುರುತಿಸಿರುವ ಜಾಗಗಳಲ್ಲಿ ಎರಡು ಕನಕಪುರ ರಸ್ತೆಯಲ್ಲಿ, ಒಂದು ನೆಲಮಂಗಲದ ಕಡೆ. ಒಂದೊಂದೂ ಐದು ಸಾವಿರ ಎಕರೆಯ ಹತ್ತಿರದ ಲೆಕ್ಕ. ಕನಕಪುರ ರಸ್ತೆಗೆ ಬಂದರೆ ಕೊಳ್ಳೇಗಾಲ, ಹನೂರು, ಯಳಂದೂರಿನವರಿಗೆ ಅನುಕೂಲ, ಊರು ದಾಟುವ ಪಾಡು ತಪ್ಪುತ್ತದೆ. ಹಾಗಿದ್ದರೂ ಆ ಅನುಕೂಲ ಇನ್ನೊಬ್ಬ ರೈತನ ಹೊಲದ ಮೇಲೆ ಬರುವುದಾದರೆ ಮೊದಲು ಕೆಲವು ಲೆಕ್ಕ ಕಾಣಬೇಕು. ಎಚ್‌ಎಎಲ್‌ನಿಂದ ಹುಬ್ಬಳ್ಳಿ, ಬೀದರ್, ಕಲಬುರಗಿಗೆ ಸಣ್ಣ ವಿಮಾನಗಳು ದಿನಕ್ಕೆ ಎಷ್ಟು ಹಾರಬಹುದು? ಪರೀಕ್ಷೆಗೆ ಎಷ್ಟು ಗಂಟೆ ಬಿಡಬೇಕು? ಮಂಡಕಳ್ಳಿಯ ರನ್‌ವೇ ಉದ್ದವಾದರೆ ದಕ್ಷಿಣದ ಜಿಲ್ಲೆಗಳ ಎಷ್ಟು ಪ್ರಯಾಣಿಕರು ಬೆಂಗಳೂರಿಗೆ ಬರುವುದು ತಪ್ಪುತ್ತದೆ? ಈ ಲೆಕ್ಕವನ್ನು ಎಚ್‌ಎಎಲ್, ವಾಯುಪಡೆ, ವಿಮಾನ ನಿಲ್ದಾಣ ಪ್ರಾಧಿಕಾರ ಮೂವರೂ ಕೂತು ಹಾಕಿ, ಹೊಲ ಅಳೆಯುವವರು ಊರಿಗೆ ಬರುವ ಮೊದಲೇ ಆ ಹಳ್ಳಿಗಳ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ.