ದೇವರಿಗೆ ಗೊತ್ತು, ನಾವು ಬರೆದಿಟ್ಟಿದ್ದೇವೆಯೇ?



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಸುದ್ದಗುಂಟೆಪಾಳ್ಯದ ಒಬ್ಬ ತಾಯಿ ನನಗಾಗಿ ಕಾಯುತ್ತಾ ನಿಂತಿದ್ದರು. ಹೊಸೂರು ರಸ್ತೆಯ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಅವರಿಗೆ ಹೊಲಿಗೆ ಕೆಲಸ. "ಫಾದರ್, ಪ್ರಾರ್ಥನೆ ಮಾಡಿ. ನಾಲ್ಕು ತಿಂಗಳಿಂದ ಓಟಿ ದುಡ್ಡು ಕೊಟ್ಟಿಲ್ಲ. ಕೇಳಿದರೆ ಬೈತಾರೆ" ಎಂದರು. "ಯಾವ ಯಾವ ದಿನ ಎಷ್ಟು ಹೊತ್ತು ಹೆಚ್ಚಿಗೆ ಕೆಲಸ ಮಾಡಿದಿರಿ ಅಮ್ಮಾ?" ಎಂದು ಕೇಳಿದೆ. "ಅದೆಲ್ಲ ಯಾರಿಗೆ ನೆನಪಿರುತ್ತೆ ಫಾದರ್? ದೇವರಿಗೆ ಗೊತ್ತು" ಎಂದರು.

ಹೌದು, ದೇವರಿಗೆ ಗೊತ್ತು. ಬಡ ಕೂಲಿಯಾಳಿನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಕೋಬರು ಎಚ್ಚರಿಸುತ್ತಾರೆ. ನಮ್ಮ ಧರ್ಮಸಭೆಯು ಈ ಅನ್ಯಾಯವನ್ನು ಕೊಲೆಯ ಸಾಲಿನಲ್ಲಿಟ್ಟು, ಸ್ವರ್ಗಕ್ಕೆ ಮೊರೆಯಿಡುವ ಪಾಪಗಳಲ್ಲಿ ಒಂದೆಂದು ಬೋಧಿಸುತ್ತದೆ. ಆದರೆ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಸಾಕ್ಷಿ ಹೇಳಬೇಕಾದವರು ಯಾರು? ನಾವೇ.

"ಲೆಕ್ಕ ಬರೆದಿಡುವುದು ಅಪನಂಬಿಕೆಯಲ್ಲವೇ? ಕ್ಷಮಿಸಬೇಕೆಂದು ಪ್ರಭು ಯೇಸು ಹೇಳಲಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಪ್ರವಾದಿ ಯೆರೆಮೀಯನನ್ನು ನೆನೆಯಿರಿ. ಜೆರುಸಲೇಮಿಗೆ ಶತ್ರುಗಳು ಮುತ್ತಿಗೆ ಹಾಕಿದ್ದರು, ಆತನೋ ಸೆರೆಯಲ್ಲಿದ್ದ. ಆಗಲೂ ಆತ ಅನಾತೋತಿನ ಹೊಲವನ್ನು ಹದಿನೇಳು ಶೆಕೆಲ್ ಬೆಳ್ಳಿಗೆ ಕೊಂಡ. ಪತ್ರ ಬರೆಸಿ, ಸಾಕ್ಷಿಗಳ ಮುಂದೆ ಮುದ್ರೆ ಹಾಕಿಸಿ, ಬಹುಕಾಲ ಉಳಿಯಲೆಂದು ಮಣ್ಣಿನ ಮಡಕೆಯಲ್ಲಿ ಇಡಿಸಿದ. ದೇವರ ಮಾತನ್ನು ನಂಬಿದ್ದರಿಂದಲೇ ಆತ ಕಾಗದವನ್ನು ಜೋಪಾನ ಮಾಡಿದ. ಇನ್ನು ಕ್ಷಮೆಯ ಮಾತು. ದ್ವೇಷವನ್ನು ಬಿಡುವುದು ಕ್ಷಮೆ. ಸತ್ಯವನ್ನು ಮರೆಯುವುದು ಕ್ಷಮೆಯಲ್ಲ.

1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿ ದುಡಿಯುವವನ ಹಕ್ಕು ಎಂದು ಸಾರಿದರು. ನಮ್ಮ ದೇಶದ ಕಾನೂನೂ ಹಕ್ಕನ್ನೇ ಹೇಳುತ್ತದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ. ಸಂಬಳ ಚೀಟಿ ಕೊಡಲೇಬೇಕು. ಬಾಕಿಗಾಗಿ 3 ವರ್ಷದೊಳಗೆ ಅರ್ಜಿ ಹಾಕಬಹುದು; ಹಣ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕನದು. ಹೆಣ್ಣುಮಕ್ಕಳಿಗೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಸಾಮಾನ್ಯವಾಗಿ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ದಿನಾಂಕ ಮರೆತರೆ ಹಕ್ಕೇ ಕೈಜಾರೀತು.

ಹಾಗಾದರೆ ಮಾಡಬೇಕಾದ್ದೇನು? ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಕೆಲಸಕ್ಕೆ ಹೋದ ಹೊತ್ತು, ಬಿಟ್ಟ ಹೊತ್ತು ಬರೆಯಿರಿ. ಬೈಗುಳವೋ ಕಿರುಕುಳವೋ ಆದರೆ ಅಂದೇ ಒಂದು ನೋಟುಬುಕ್ಕಿನಲ್ಲಿ ದಿನ, ಹೊತ್ತು, ಆಡಿದ ಮಾತು, ಹತ್ತಿರ ಇದ್ದವರು ಯಾರು ಎಂದು ಬರೆದಿಡಿ. ನೇಮಕಾತಿ ಪತ್ರ, ಸಂಬಳ ಚೀಟಿ, ಇಎಸ್‌ಐ ಕಾರ್ಡು, ಪಿಎಫ್ ಲೆಕ್ಕ ಎಲ್ಲವನ್ನೂ ಒಂದು ಚೀಲದಲ್ಲಿ ಜೋಪಾನ ಮಾಡಿ. ದೂರು ಕೊಟ್ಟರೆ ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಖಾಲಿ ಕಾಗದಕ್ಕೆ ಸಹಿ ಮಾಡಬೇಡಿ. ಒಂದು ಮಾತು ನೆನಪಿರಲಿ: ಒಂದು ಗಂಟೆ ದುಡಿದದ್ದನ್ನು ಎರಡೆಂದು ಬರೆದರೆ ನಾವೂ ಎಂಟನೇ ಕಟ್ಟಳೆಯನ್ನು ಮೀರಿದಂತೆ.

2016ರ ಏಪ್ರಿಲ್ 18 ಮತ್ತು 19 ನಿಮಗೆ ನೆನಪಿರಬಹುದು. ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಹೊಸ ನಿರ್ಬಂಧ ಹಾಕಿತೆಂದು ನಮ್ಮ ಊರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಸರ್ಕಾರ 19ರಂದೇ ಆ ಆದೇಶವನ್ನು ಹಿಂತೆಗೆದುಕೊಂಡಿತು. ತಮ್ಮ ಬೆವರಿನ ದುಡ್ಡು ತಮ್ಮದೆಂದು ಅವರು ಅರಿತಿದ್ದರು. ಆದರೆ ಆ ದಿನಗಳಲ್ಲಿ ಬೆಂಕಿಯೂ ಬಿತ್ತು, ಲಾಠಿಯೂ ಬೀಸಿತು. ಸಿಟ್ಟು ಒಂದು ದಿನ ಉರಿದು ಆರುತ್ತದೆ. ಬರೆದಿಟ್ಟ ಸತ್ಯ ನಿಲ್ಲುತ್ತದೆ.

ನಮ್ಮಲ್ಲಿ ಕೆಲಸ ಕೊಡುವವರೂ ಇದ್ದೇವೆ. ನಮ್ಮ ಮನೆಯ ಪಾತ್ರೆ ತೊಳೆಯುವ ತಾಯಿಗೂ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿತು. ಆಕೆ ಒಂದು ದಿನ ಬಾರದಿದ್ದರೆ ಮರೆಯದೆ ಗುರುತು ಹಾಕುವ ನಾವು, ಹಬ್ಬದ ದಿನ ಹೆಚ್ಚಿಗೆ ದುಡಿದದ್ದನ್ನು ಗುರುತು ಹಾಕಿದ್ದೇವೆಯೇ? ಪಾಪನಿವೇದನೆಗೆ ಬರುವ ಮುನ್ನ ಆ ಕ್ಯಾಲೆಂಡರನ್ನೊಮ್ಮೆ ನೋಡೋಣ.

ಆ ತಾಯಿ ಅಂದಿನಿಂದ ಬರೆಯತೊಡಗಿದರು. ಜೊತೆಗೆ ದುಡಿಯುವ ಮೂವರು ತಾವೂ ಬರೆದಿಟ್ಟರು. ಎಲ್ಲರೂ ಸೇರಿ ಡೈರಿ ಸರ್ಕಲ್ ಬಳಿಯ ಕಾರ್ಮಿಕ ಭವನಕ್ಕೆ ಹೋಗಿ ಅರ್ಜಿ ಕೊಟ್ಟು ಬಂದಿದ್ದಾರೆ. ಹಣ ಇನ್ನೂ ಬಂದಿಲ್ಲ. ಕೆಲಸ ಹೋದೀತೆಂಬ ಭಯವೂ ಇದೆ. ಆದರೆ ಈಗ ಅವರು "ದೇವರಿಗೆ ಗೊತ್ತು" ಎಂದು ತಲೆ ತಗ್ಗಿಸಿ ಹೇಳುವುದಿಲ್ಲ. ನೋಟುಬುಕ್ಕನ್ನು ಎದೆಗೊತ್ತಿಕೊಂಡು ಹೇಳುತ್ತಾರೆ. ಅವರಿಗಾಗಿ ಪ್ರಾರ್ಥಿಸೋಣ, ಅವರ ಜೊತೆ ನಿಲ್ಲೋಣ. ನಜರೇತಿನಲ್ಲಿ ಬಡಗಿಯಾಗಿ ದುಡಿದ ಸಂತ ಜೋಸೆಫರು ದುಡಿಯುವ ಎಲ್ಲರಿಗಾಗಿ ಪ್ರಾರ್ಥಿಸಲಿ.