ಹಂಚಿದ ಬೀಗ, ಹಂಚಬಾರದ ಕೀಲಿ

ಜೇವರ್ಗಿ ಸೀಮೆಯ ಇಜೇರಿಯಂತಹ ಊರುಗಳಲ್ಲಿ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದ ಕ್ಯೂಆರ್ ಕೋಡ್ ಈಗ ಯಾರಿಗೂ ಬೆರಗಿನ ವಸ್ತುವಲ್ಲ. ಆದರೂ ಆ ಕಪ್ಪು-ಬಿಳುಪು ಚೌಕದ ಹಿಂದೆ ಒಂದು ದೊಡ್ಡ ಮನಸ್ಸಿನ ಕಥೆಯಿದೆ. ಕಾರಿನ ಬಿಡಿಭಾಗಗಳ ಲೆಕ್ಕವಿಡಲೆಂದು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯ ಮಸಾಹಿರೊ ಹಾರಾ ಮತ್ತು ಅವರ ಸಂಗಡಿಗರು ಅದನ್ನು ರೂಪಿಸಿದರು. ಕಂಪನಿ ಪೇಟೆಂಟ್ ಪಡೆಯಿತು. ಆದರೆ ನಿಗದಿತ ಮಾನಕದಂತೆ ಬಳಸುವವರ ಮೇಲೆ ಆ ಹಕ್ಕನ್ನು ಚಲಾಯಿಸುವುದಿಲ್ಲವೆಂದು ಸಾರಿತು. ಒಂದೊಂದು ಸ್ಕ್ಯಾನಿಗೂ ಬಿಡಿಗಾಸು ಕೇಳಿದ್ದರೆ, ಕಡ್ಡಿಪೆಟ್ಟಿಗೆ ಕೊಳ್ಳುವವರ ಕೈವರೆಗೂ ಅದು ಬರುತ್ತಿತ್ತೇ?

ಕಂಡುಹಿಡಿದವರ ಶ್ರಮಕ್ಕೆ ಬೆಲೆ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬೆಲೆಗೊಂದು ಮಿತಿ ಬೇಡವೇ? ಗುಪ್ತಲಿಪಿಯ ಹೆಸರಾಂತ ಆರ್‌ಎಸ್‌ಎ ವಿಧಾನಕ್ಕೆ 1983ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತಾಗ ಗಣಿತಕ್ಕೂ ಒಡೆಯರಿರಬಹುದೇ ಎಂದು ಅನೇಕರು ಕೇಳಿದರು. 2000ರ ಸೆಪ್ಟೆಂಬರಿನಲ್ಲಿ ಅದರ ಅವಧಿ ಮುಗಿಯುವ ಎರಡು ವಾರ ಮೊದಲೇ ಅದರ ಹಕ್ಕು ಪಡೆದಿದ್ದ ಕಂಪನಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಗಣಿತದ ವಿಧಾನಕ್ಕೆ, ವ್ಯಾಪಾರದ ವಿಧಾನಕ್ಕೆ ಪೇಟೆಂಟ್ ಕೊಡುವುದಿಲ್ಲ. ಅದು ವಿವೇಕದ ನಿಲುವು ಎಂದೇ ನನ್ನ ಭಾವನೆ.

ಗುಪ್ತಲಿಪಿಯೂ ಒಂದು ಬೀಗವೇ. ಹಾಗಾದರೆ ಎಲ್ಲರಿಗೂ ಗೊತ್ತಿರುವ ಬೀಗ ಭದ್ರವಾಗಿರುವುದು ಹೇಗೆ? 1883ರಲ್ಲಿಯೇ ಕರ್ಕಾಫ್ಸ್ ಎಂಬ ಪಂಡಿತ ಇದಕ್ಕೆ ಉತ್ತರ ಬರೆದಿಟ್ಟಿದ್ದ: ಬೀಗದ ರಚನೆ ಶತ್ರುವಿನ ಕೈಗೆ ಸಿಕ್ಕರೂ ಚಿಂತೆಯಿಲ್ಲ, ಕೀಲಿಯೊಂದು ಗುಟ್ಟಾಗಿದ್ದರೆ ಸಾಕು. ಹತ್ತಾರು ಜನ ಪರೀಕ್ಷಿಸಿ, ಒಡೆಯಲು ನೋಡಿ ಸೋತ ಬೀಗವೇ ನಂಬಿಕೆಗೆ ಯೋಗ್ಯ. 2016ರಲ್ಲಿ ಬಂದ ಯುಪಿಐನಲ್ಲಿಯೂ ನಮ್ಮ ಪಾಲಿಗೆ ಉಳಿದಿರುವ ಗುಟ್ಟು ಬಹಳ ಚಿಕ್ಕದು, ನಾಲ್ಕೋ ಆರೋ ಅಂಕಿಗಳ ಒಂದು ಪಿನ್.

ಆ ಚಿಕ್ಕ ಗುಟ್ಟೇ ನಮಗೆ ಕಷ್ಟವಾಗಿದೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿ ಇದೇ ಜೇವರ್ಗಿ ಸೀಮೆಯದು. ಹಂಚಿ ಉಣ್ಣುವುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ; ಹಂಚದೆ ಇಟ್ಟುಕೊಳ್ಳುವುದೇ ಕಷ್ಟ. ಮನೆಗೊಂದು ಫೋನು, ಅದು ಮಗನ ಕೈಯಲ್ಲೋ ಮೊಮ್ಮಗನ ಕೈಯಲ್ಲೋ. ಪಿಂಚಣಿಯ ಹಣದಲ್ಲಿ ಚಹಾಪುಡಿ ಕೊಳ್ಳಲು ಬಂದ ಆಯಿ ಫೋನನ್ನು ಅಂಗಡಿಯವನ ಮುಂದೆ ಚಾಚಿ, "ನನಗ ಕಣ್ಣ ಕಾಣಂಗಿಲ್ಲ, ನೀನೇ ಒತ್ತಪಾ" ಎಂದು ಅಂಕಿಗಳನ್ನು ಗಟ್ಟಿಯಾಗಿಯೇ ಹೇಳಿಬಿಡುತ್ತಾಳೆ. ಅವಳನ್ನು ದಡ್ಡಿ ಎನ್ನಲು ನನಗೆ ಮನಸ್ಸು ಬಾರದು. ಫೋನು ಒಬ್ಬರದು, ಓದು ಬಲ್ಲವರದು, ಗುಟ್ಟು ತಮ್ಮೊಳಗೇ ಇಟ್ಟುಕೊಳ್ಳಬಲ್ಲವರದು ಎಂಬ ಎಣಿಕೆಯ ಮೇಲೆ ಕಟ್ಟಿದ ವ್ಯವಸ್ಥೆಯೊಳಗೆ ಅವಳು ತನ್ನ ಜೀವಮಾನದ ವಿಶ್ವಾಸವನ್ನೇ ಹೊತ್ತು ಬಂದಿದ್ದಾಳೆ. ಮೋಸಗಾರ ಹುಡುಕುವುದೂ ಈ ವಿಶ್ವಾಸವನ್ನೇ. ಗಣಿತವನ್ನು ಒಡೆಯುವ ಗೋಜಿಗೆ ಅವನು ಹೋಗುವುದಿಲ್ಲ. ಬ್ಯಾಂಕಿನವನೆಂದು ಹೇಳಿಕೊಂಡು ಮೆತ್ತಗೆ ಮಾತಾಡಿ ಅಂಕಿಗಳನ್ನು ಕೇಳಿಕೊಳ್ಳುತ್ತಾನೆ.

ಜ್ಞಾನವನ್ನು ಬಿಗಿಹಿಡಿದು ಕೂರುವವರು ಒಂದು ಕಡೆ, ಕೀಲಿಯನ್ನೇ ಧಾರೆಯೆರೆಯುವ ಮುಗ್ಧರು ಇನ್ನೊಂದು ಕಡೆ. ಯಾವುದನ್ನು ಹಂಚಬೇಕು, ಯಾವುದನ್ನು ಹಂಚಬಾರದು ಎಂಬ ತಿಳಿವಳಿಕೆ ಇಬ್ಬರಿಗೂ ಬೇಕು. ಮೊದಲಿನವರಿಗೆ ಕಾನೂನಿದೆ. ಎರಡನೆಯವರಿಗೆ ಇರುವವರು ನಾವು, ಪಕ್ಕದಲ್ಲಿ ನಿಂತವರು.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಪಿನ್ ಅನ್ನು ಅವರ ಬೆರಳಿನಿಂದಲೇ ಒತ್ತಿಸಿರಿ, ಒತ್ತುವಾಗ ನೀವು ಮುಖ ತಿರುಗಿಸಿಕೊಳ್ಳಿ. ಹಣ ಕಳಿಸಲು ಪಿನ್ ಬೇಕು, ಹಣ ಬರಲು ಬೇಕಿಲ್ಲ ಎಂಬುದನ್ನು ಬಿಡಿಸಿ ಹೇಳಿ. ಮೋಸವಾಯಿತೆಂದು ತಿಳಿದರೆ ನಾಚಿಕೊಂಡು ಸುಮ್ಮನಿರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದು ಕಲಿಸಿ.