ಹೂಳೆತ್ತುವ ಧರ್ಮ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಸಮೀಪದಲ್ಲಿ, ಎರಡು ಗುಡ್ಡಗಳ ನಡುವೆ ಹರಿದ್ರಾವತಿಯನ್ನು ತಡೆದು ನಿಂತಿರುವ ಸೂಳೆಕೆರೆಯು ಸುಮಾರು 6,500 ಎಕರೆಗಳಷ್ಟು ವಿಸ್ತಾರವುಳ್ಳದ್ದು. ಶಾಂತಿಸಾಗರವೆಂಬ ಹೆಸರೂ ಅದಕ್ಕುಂಟು. ನೀರು ನಿಂತೆಡೆಯಲ್ಲಿ ಹೂಳು ನಿಲ್ಲುವುದು ಸಹಜವೇ ಸರಿ; ಆದಕಾರಣ ಹೂಳೆತ್ತುವ ಮಾತು ಆ ಸೀಮೆಗೆ ಹೊಸದಲ್ಲ. ಪೂರ್ವಿಕರು ಕೆರೆಯ ಹೂಳನ್ನು ಕಸವೆಂದೆಣಿಸಿದವರಲ್ಲ. ಬೇಸಗೆಯಲ್ಲಿ ಅದನ್ನು ಗಾಡಿಗಳಲ್ಲಿ ಹೇರಿ ಹೊಲಕ್ಕೆ ಹೊಡೆದರೆ, ಕೆರೆಗೆ ಆಳವೂ ಹೊಲಕ್ಕೆ ಸಾರವೂ ಒಟ್ಟಿಗೆ ದೊರೆಯುತ್ತಿದ್ದವು. ಅಂತಹ ಕಾರ್ಯಕ್ಕೆ ಹೊರಗಿನ ಕಾವಲು ಅಷ್ಟಾಗಿ ಬೇಕಿರಲಿಲ್ಲ. ಎತ್ತಿದವನೇ ತನ್ನ ಹೊಲದಲ್ಲಿ ಹರವಿಕೊಳ್ಳುತ್ತಿದ್ದುದರಿಂದ, ಕೆಲಸದ ಗುಣದೋಷಗಳೆರಡೂ ಅವನ ಪಾಲಿಗೇ ಬರುತ್ತಿದ್ದವು.

ಆದರೆ ಕಾರ್ಖಾನೆಗಳ ಕೊಳೆನೀರು ಬಂದು ಸೇರುವ ಬಂದರಿನ ಹೂಳು ಬೇರೆಯ ಬಗೆಯದು. ಪಾದರಸ, ಸೀಸ ಮೊದಲಾದ ಲೋಹಗಳು ನುಣುಪಾದ ಮಣ್ಣಿನ ಕಣಗಳಿಗೆ ಅಂಟಿಕೊಂಡು ತಳದಲ್ಲಿ ಕೂಡುತ್ತವೆ. ಹಾಗೆಯೇ ಬಿಟ್ಟರೆ ಅವು ಹುಳುಗಳ ಮೂಲಕ ಮೀನನ್ನೂ, ಮೀನಿನ ಮೂಲಕ ಮನುಷ್ಯನನ್ನೂ ಸೇರುವ ಭಯ. ಎತ್ತಹೋದರೆ ತಳ ಕಲಕಿ, ಮಲಗಿದ್ದ ವಿಷವು ಎದ್ದು ಹರಡುವ ಭಯ. ಎತ್ತಿದ ಮೇಲೂ ಅದರಿಂದ ಬಸಿದ ನೀರಿಗೂ ಉಳಿದ ಕೆಸರಿಗೂ ಒಂದು ನೆಲೆ ಬೇಕು. ಹೀಗಿರುವಲ್ಲಿ, ಒಂದು ಕಾಲಕ್ಕೆ ಪುಣ್ಯವೆನಿಸಿದ ಕಾರ್ಯವೇ ಎಚ್ಚರ ತಪ್ಪಿದರೆ ಪಾಪವಾಗಿ ಪರಿಣಮಿಸುವುದು.

ಜಪಾನಿನ ಮಿನಮಾತಾ ಕೊಲ್ಲಿಯ ವೃತ್ತಾಂತವು ಇದಕ್ಕೆ ನಿದರ್ಶನ. ಅಲ್ಲಿಯ ಚಿಸ್ಸೊ ಕಾರ್ಖಾನೆಯ ಪಾದರಸವು ಮೀನಿನ ಮೂಲಕ ಜನರ ನರಗಳನ್ನು ಕೆಡಿಸಿದ ರೋಗವು 1956ರಲ್ಲಿ ಅಧಿಕೃತವಾಗಿ ದಾಖಲಾಯಿತು. ಆ ವಿಸರ್ಜನೆ ನಿಂತದ್ದು 1968ರಲ್ಲಿ. ತಳದ ಹೂಳನ್ನು ತೆಗೆಯುವ ಕೆಲಸ 1977ರಲ್ಲಿ ಆರಂಭವಾದೊಡನೆ, ಕಲಕಿದರೆ ವಿಷವು ಮತ್ತೆ ಹರಡೀತೆಂದು ದಡದ ನಿವಾಸಿಗಳೇ ನ್ಯಾಯಾಲಯದ ಮೊರೆಹೊಕ್ಕರು. ಕೆಲಸ ನಿಂತಿತು, ಅವರ ಮನವಿ ತಿರಸ್ಕೃತವಾದ ಬಳಿಕ 1980ರಲ್ಲಿ ಮುಂದುವರಿಯಿತು. ನೀರಿನ ಕದಡನ್ನೂ ಮೀನಿನ ಮೈಯ ಪಾದರಸವನ್ನೂ ಪರೀಕ್ಷಿಸುತ್ತ, 1990ರ ವೇಳೆಗೆ ಸುಮಾರು 15 ಲಕ್ಷ ಘನ ಮೀಟರು ಹೂಳನ್ನು ಎತ್ತಿಯೂ ಮುಚ್ಚಿಯೂ 58 ಹೆಕ್ಟೇರು ಹೊಸ ನೆಲದ ಕೆಳಗೆ ಅಡಗಿಸಲಾಯಿತು. ಮೀನು ಹೊರಹೋಗದಂತೆ 1974ರಲ್ಲಿ ಕೊಲ್ಲಿಗೆ ಕಟ್ಟಿದ ಬಲೆ ತೆಗೆಯಲ್ಪಟ್ಟದ್ದು 1997ರಲ್ಲಿ.

ಇಲ್ಲಿ ಉದ್ಭವಿಸುವ ಪ್ರಶ್ನೆ ಯಂತ್ರದ್ದಲ್ಲ, ಧರ್ಮದ್ದು. ಶುಚಿಮಾಡುವವನು ಸತ್ಕಾರ್ಯವನ್ನೇ ಮಾಡುತ್ತಿರುವಾಗ ಅವನ ಮೇಲೆ ಕಣ್ಣಿಡುವುದೇಕೆ? ಗುತ್ತಿಗೆದಾರನು ದುಷ್ಟನೆಂಬ ಶಂಕೆಯಿಂದಲ್ಲ. ಅವನ ಲೆಕ್ಕದ ಪುಸ್ತಕದಲ್ಲಿ ಎತ್ತಿದ ಹೂಳಿನ ಮೊತ್ತವಿರುತ್ತದೆ. ಎತ್ತುವಾಗ ಜಾರಿ ನೀರಿಗೆ ಸೇರಿದ್ದಕ್ಕೆ ಅಲ್ಲಿ ಅಂಕಣವಿರುವುದಿಲ್ಲ. ಬಂದರು ಆಳವಾದರೆ ಲಾಭ ಹಡಗಿನವನಿಗೆ. ಕದಡು ಹರಡಿದರೆ ನಷ್ಟ ಬೆಸ್ತನಿಗೆ. ಹೊಲದೊಡೆಯನಲ್ಲಿ ಒಂದಾಗಿದ್ದ ಕರ್ತೃವೂ ಭೋಕ್ತೃವೂ ಇಲ್ಲಿ ಬೇರೆಯಾಗಿದ್ದಾರೆ. ಕರ್ಮವೊಬ್ಬನದು, ಫಲ ಮತ್ತೊಬ್ಬನದು ಆದೆಡೆಯಲ್ಲಿ ಮೂರನೆಯ ಸಾಕ್ಷಿಯೊಬ್ಬನು ಇರಲೇಬೇಕೆಂಬುದು ನ್ಯಾಯದ ಮೂಲತತ್ತ್ವ. ಬೆಂಗಳೂರಿನ ಬೆಳ್ಳಂದೂರು ಕೆರೆಯ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2018ರಲ್ಲಿ ನಿವೃತ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ಅಧ್ಯಕ್ಷತೆಯಲ್ಲಿ ಮೇಲ್ವಿಚಾರಣಾ ಸಮಿತಿಯನ್ನು ನೇಮಿಸಿದುದೂ ಇದೇ ನ್ಯಾಯವನ್ನನುಸರಿಸಿ.

ಕಾವಲು ಹೆಚ್ಚಿದಷ್ಟೂ ಕಾರ್ಯ ತಡವಾಗುವುದೆಂಬ ಆಕ್ಷೇಪಣೆಯುಂಟು, ಅದು ಹುಸಿಯಲ್ಲ. ಮಿನಮಾತಾದಲ್ಲಿ ಕೆಲಸ ನಿಂತ ಕಾಲದಲ್ಲಿಯೂ ವಿಷವು ತಳದಲ್ಲಿ ಇದ್ದೇ ಇತ್ತು. ಆದುದರಿಂದ ಸಾಕ್ಷಿಯಾದವನು ಬರಿಯ ಅಡ್ಡಿಮಾಡುವವನಾಗಲಾಗದು. ನಿಲ್ಲಿಸೆಂದವನು ನಿಂತುದರಿಂದಾಗುವ ಕೇಡಿಗೂ ಉತ್ತರವಾದಿ. ಆದರೂ ಎರಡು ಕೇಡುಗಳಲ್ಲಿ ತಾರತಮ್ಯವುಂಟು. ತಡವಾದುದನ್ನು ನಾಳೆ ಮುಗಿಸಬಹುದು. ಮಗುವಿನ ನರಗಳನ್ನು ಹೊಕ್ಕ ವಿಷವನ್ನು ಯಾವ ಯಂತ್ರವೂ ಮರಳಿ ಎತ್ತಲಾರದು. ಆದಕಾರಣ ‘ನಿಲ್ಲಿಸು’ ಎನ್ನುವ ಅಧಿಕಾರವಿಲ್ಲದ ಸಾಕ್ಷಿಯು ಕಣ್ಣಿದ್ದೂ ಕೈಯಿಲ್ಲದವನಂತೆ. ನೀರಿನ ಪರೀಕ್ಷೆಯ ಫಲವು ಕಚೇರಿಯ ಕಡತದಲ್ಲಿ ಮಲಗದೆ, ದಡದವರಿಗೆ ತಿಳಿಯುವ ಮಾತಿನಲ್ಲಿ ಅಂದಂದೇ ಹೊರಬೀಳಬೇಕು.

ಸೂಳೆಕೆರೆಯ ಕುರಿತು ಜನರಲ್ಲಿ ಒಂದು ಐತಿಹ್ಯವಿದೆ. ಶಾಂತವ್ವೆಯೆಂಬ ರಾಜಪುತ್ರಿಯು ಕೆರೆಯನ್ನು ಕಟ್ಟಿಸಹೊರಟಾಗ, ಮುಳುಗುವ ನೆಲವು ಸೂಳೆಯರದಾಗಿತ್ತಂತೆ. ಕೆರೆಗೆ ತಮ್ಮ ಹೆಸರಿರಬೇಕೆಂಬ ಕರಾರಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರಂತೆ. ಕಥೆಯ ಸತ್ಯಾಸತ್ಯ ಹೇಗೇ ಇರಲಿ, ಅದರ ನೀತಿ ದೊಡ್ಡದು: ಲೋಕದ ಹಿತಕ್ಕಾಗಿ ನೆಲ ಕಳೆದುಕೊಂಡವರ ಹೆಸರು ಆ ಹಿತದ ನೆತ್ತಿಯ ಮೇಲೆ ನಿಂತಿದೆ. ಇಂದು ಕೆರೆಯಿಂದಾಗಲಿ ಬಂದರಿನಿಂದಾಗಲಿ ಹೂಳನ್ನು ಎತ್ತುವವರು, ಅದು ಯಾರ ಅಂಗಳವನ್ನು ಸೇರುವುದು, ಕದಡಿದ ನೀರು ಯಾರ ಬಲೆಗೆ ಬರುವುದು ಎಂಬುದನ್ನು ಮೊದಲು ಬರೆದಿಡುವಂತಾಗಲಿ. ಆ ಹೆಸರುಗಳಿಲ್ಲದ ಲೆಕ್ಕವು ಎಷ್ಟೇ ಶುದ್ಧವಾಗಿದ್ದರೂ ಅಪೂರ್ಣವೇ.